ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಆಗಸ್ಟ್ 5, ಸೋಮವಾರ

ಅಕ್ಕ: 53 ಕೆಜಿ 200 ಗ್ರಾಂ.

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಯಾರಾದರೂ ಕದ್ದು ಓದಿದರೆ ಅವರಿಗೆ ಸಿಗುವುದು ಬರೀ ತೂಕ, ಓದಿಕೊಳ್ಳಲಿ.

ಡಾಕ್ಟ್ರಮ್ಮ ಹೇಳಿದ್ದು ಇಷ್ಟು. ಅಕ್ಕನ ಹೊಟ್ಟೆಯೊಳಗಿನ ಗಡ್ಡೆಯನ್ನು ಕತ್ತರಿಸಿ ತೆಗೆಯುವ ಹಾಗಿಲ್ಲ. ಮಾತ್ರೆ ಕೊಟ್ಟು ಕುಗ್ಗಿಸಲು ನೋಡಬಹುದು. "ಆದ್ರೆ ಈ ಮಾತ್ರೆ ತಡ್ಕೊಳ್ಳೋಕೆ ಮೈಯಲ್ಲಿ ಶಕ್ತಿ ಬೇಕು. ತೂಕ ಇಳಿಯದ ಹಾಗೆ ನೋಡ್ಕೊಳ್ಳಿ. ಐವತ್ತರ ಕೆಳಗೆ ಹೋದ್ರೆ ನಿಲ್ಲಿಸ್ಬೇಕಾಗತ್ತೆ" ಎಂದರು. ನಿಲ್ಲಿಸಿದರೆ ಮುಂದೇನು ಎಂದು ನಾನು ಕೇಳಲಿಲ್ಲ. ಅಕ್ಕನೂ ಕೇಳಲಿಲ್ಲ. ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಅಂಚಿನ ಹೊಲಿಗೆಯನ್ನೇ ನೋಡುತ್ತ ಕೂತಿದ್ದಳು.

ತೂಕ ತಾನೇ? ಅಪ್ಪನ ಕಾಲದಿಂದ ನಮ್ಮದು ತಕ್ಕಡಿ ರಿಪೇರಿ ಅಂಗಡಿ. ಯಾವ ವಸ್ತುವನ್ನು ಕೈಗೆ ಕೊಟ್ಟರೂ ಐದು ಹತ್ತು ಗ್ರಾಂ ಹೆಚ್ಚುಕಡಿಮೆಯಲ್ಲಿ ತೂಕ ಹೇಳಬಲ್ಲೆ. ಇಷ್ಟು ವರ್ಷ ಊರಿನವರ ತೂಕ ಸರಿಮಾಡಿದವಳಿಗೆ ಮನೆಯವಳ ತೂಕ ಕಾಯಲು ಬರುವುದಿಲ್ಲವೇ? ಆಸ್ಪತ್ರೆಯ ಯಂತ್ರದ ಮೇಲೆ ನನಗೆ ನಂಬಿಕೆಯಿಲ್ಲ, ಅದರ ಒಂದು ಕಾಲು ನೆಲಕ್ಕೇ ತಾಗುತ್ತಿರಲಿಲ್ಲ. ಸಂಜೆ ಅಂಗಡಿಯಿಂದ ಒಳ್ಳೆಯದೊಂದನ್ನು ಹೊತ್ತು ತಂದು, ಕಬ್ಬಿಣದ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸಿ, ಅಡುಗೆಮನೆಯ ಬಾಗಿಲ ಪಕ್ಕ ಇಟ್ಟಿದ್ದೇನೆ.

"ನನ್ನ ಮೇಲೆ ಚೀಟಿ ಒಂದು ಅಂಟಿಸ್ಬಿಡು, ಮಾರೋಕೆ ಇಡ್ಬಹುದು" ಎಂದಳು ಅಕ್ಕ.

ಆಗಸ್ಟ್ 9, ಶುಕ್ರವಾರ

53 ಕೆಜಿ 100.

ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸುತ್ತೇನೆ, ಆಕೆಗೊಂದು ನನಗೊಂದು. ನನ್ನದನ್ನೂ ಅವಳ ತಟ್ಟೆಗೆ ಹಾಕಿದೆ. ಗೊಣಗುತ್ತ ತಿಂದಳು.

ಬೀದಿಯ ಕಡೆಯ ಕೋಣೆ ಅವಳ ಹೊಲಿಗೆಯ ಕೋಣೆ. ಭಾವ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರ, ಒಂದು ಪೆಟ್ಟಿಗೆಯೊಂದಿಗೆ ಬಂದವಳು ಅಲ್ಲೇ ಕೂತುಬಿಟ್ಟಳು. ನಾನು ಮದುವೆಯ ತಂಟೆಗೇ ಹೋದವಳಲ್ಲ. ಇಬ್ಬರೇ ಇದ್ದುಕೊಂಡು ಜಗಳಕ್ಕೆ ಮೂರನೆಯವರು ಬೇಕು ಅನ್ನಿಸಿದ್ದೇ ಇಲ್ಲ. ಇವತ್ತಿನ ಜಗಳ ಬಟ್ಟೆ ಹಾಳುಮಾಡುವುದರ ಬಗ್ಗೆ. ಯಾರಿಗೆ ಏನು ಹೊಲಿದರೂ ಮಗ್ಗುಲ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಾಳೆ. ಬೇರೆ ದರ್ಜಿಗಳು ಒಂದೇ ಬೆರಳು ಬಿಡುವುದು.

"ಜನ ಏನು ನಿನ್ನ ತೂಕದ ಕಲ್ಲಾ, ಒಂದೇ ಅಳತೆಯಲ್ಲಿ ಇರೋಕೆ? ದಪ್ಪ ಆಗ್ತಾರೆ, ಸಣ್ಣ ಆಗ್ತಾರೆ. ಬಿಚ್ಚಿ ಹಾಕ್ಕೊಳ್ಳೋಕೆ ಒಳಗೆ ಬಟ್ಟೆ ಇರ್ಬೇಕು" ಎಂದಳು. ಆಮೇಲೆ, "ನೀನು ಜನರನ್ನ ಎಷ್ಟು ಭಾರ ಅಂತ ನೋಡ್ತೀಯ. ನಾನು ಅವರಿಗೆ ಎಷ್ಟು ಜಾಗ ಬೇಕು ಅಂತ ನೋಡ್ತೀನಿ."

ಚಿಕ್ಕವರಿದ್ದಾಗಲೂ ಹೀಗೇ. ಒಂದು ಕೆಜಿ ಹತ್ತಿ ಭಾರವೋ, ಒಂದು ಕೆಜಿ ಕಬ್ಬಿಣ ಭಾರವೋ ಎಂದು ಅಪ್ಪ ಕೇಳಿದರು. ಎರಡೂ ಒಂದೇ ಎಂದು ಹೇಳಿ ನಾನು ಬೀಗಿದೆ. ಅಕ್ಕ ಕಬ್ಬಿಣ ಎಂದಳು. ಅಪ್ಪ ನಕ್ಕರೆ, "ಎರಡನ್ನೂ ಕಾಲ ಮೇಲೆ ಬೀಳಿಸ್ಕೊಂಡು ನೋಡಿ, ಆಮೇಲೆ ನಗಿ" ಎಂದಳು. ಅದು ಸಾಂದ್ರತೆ, ಕಬ್ಬಿಣ ಒತ್ತಾಗಿ ಕೂತಿರುತ್ತದೆ, ಹತ್ತಿ ಹರಡಿಕೊಂಡಿರುತ್ತದೆ, ತೂಕ ಮಾತ್ರ ಅಷ್ಟೇ ಎಂದು ಇವತ್ತೂ ಹೇಳಿದೆ.

"ಹೆಸರು ಏನು ಬೇಕಾದ್ರೂ ಇಟ್ಕೊ. ಕಾಲು ನನ್ದು" ಎಂದಳು.

ಆಗಸ್ಟ್ 18, ಭಾನುವಾರ

53 ಕೆಜಿ ಸರಿಯಾಗಿ.

ಬೆಟ್ಟದ ಮೇಲಿನ ಊರಿನಲ್ಲಿ ಗಿಡಮೂಲಿಕೆ ಮಾರುವವನೊಬ್ಬ ನಿನ್ನೆ ತನ್ನ ಎಲೆಕ್ಟ್ರಾನಿಕ್ ತೂಕದ ಯಂತ್ರ ಹೊತ್ತುಕೊಂಡು ಬಂದಿದ್ದ. ನಾನು ಮೋಸ ಮಾಡಿದೆನಂತೆ. ಇಲ್ಲಿ ಸರಿಮಾಡಿಸಿಕೊಂಡು ಹೋದ ಯಂತ್ರ ಅವನ ಊರಿನಲ್ಲಿ ಹತ್ತು ಕೆಜಿಗೆ ಎರಡು ಮೂರು ಗ್ರಾಂ ಕಡಿಮೆ ತೋರಿಸುತ್ತದಂತೆ. ಬಾಯಿಗೆ ಬಂದಂತೆ ಬಯ್ಯಬೇಕೆಂದಿದ್ದೆ, ಆದರೆ ಅವನ ಮಾತು ನಿಜ. ಎತ್ತರಕ್ಕೆ ಹೋದರೆ ಭೂಮಿಯ ಎಳೆತ ಒಂದಿಷ್ಟು ಕಡಿಮೆ. ಅಲ್ಲೇ ತೂಕದ ಕಲ್ಲಿಟ್ಟು ಸರಿಮಾಡಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟು ಕಳಿಸಿದೆ.

ಅಕ್ಕನಿಗೆ ಹೇಳಿದೆ. "ಹಾಗಾದ್ರೆ ಬೆಟ್ಟ ಹತ್ತಿದ್ರೆ ಕಲ್ಲು ಸವೀತದಾ?" ಎಂದಳು.

"ಇಲ್ಲಕ್ಕ. ಕಲ್ಲಲ್ಲಿ ಇರೋದು ಅಷ್ಟೇ ಇರತ್ತೆ. ಅದಕ್ಕೆ ದ್ರವ್ಯರಾಶಿ ಅಂತಾರೆ. ಅದನ್ನ ಭೂಮಿ ಎಷ್ಟು ಎಳೆಯತ್ತೋ ಅದು ತೂಕ. ಚಂದ್ರನ ಮೇಲೆ ಹೋದ್ರೂ ನೀನು ಇಷ್ಟೇ. ನಿನ್ನ ಎಳೆಯೋದು ಮಾತ್ರ ಕಡಿಮೆ."

ಸೂಜಿಗೆ ದಾರ ಪೋಣಿಸಿ ತುದಿಗೆ ಗಂಟು ಹಾಕಿದಳು. "ಮತ್ತೆ ದಿನಾ ಬೆಳಿಗ್ಗೆ ನನ್ನ ಆ ಹಲಗೆ ಮೇಲೆ ನಿಲ್ಲಿಸಿ ಎಳೀತಿರೋದು ಭೂಮಿನೋ, ನೀನೋ?"

ಊಟದ ತಟ್ಟೆ ತಂದು ಅವಳ ಮುಂದೆ ಇಟ್ಟೆ.

ಸೆಪ್ಟೆಂಬರ್ 1, ಭಾನುವಾರ

53 ಕೆಜಿ 100.

ತಿನ್ನುವುದಿಲ್ಲ. ತಿಂದದ್ದು ನಿಲ್ಲುವುದಿಲ್ಲ. ಗದರಿದೆ, ಗೋಗರೆದೆ, ತಟ್ಟೆ ಕುಕ್ಕಿದೆ. ಆಮೇಲೆ ಹೋಗಿ ತಲೆ ಸವರಿದೆ. ಆದರೆ ತೂಕ ನಿಂತಿದೆ, ಅಷ್ಟು ಸಾಕು. ಹೇಗೆ ನಿಂತಿದೆ ಎಂದು ಕೇಳುವುದು ನನ್ನ ಕೆಲಸವಲ್ಲ.

ಸೆಪ್ಟೆಂಬರ್ 12, ಗುರುವಾರ

53 ಕೆಜಿ 700!

ಎರಡು ಸಲ ನಿಲ್ಲಿಸಿದೆ. ಕಲ್ಲುಗಳನ್ನಿಟ್ಟು ಯಂತ್ರವನ್ನೂ ನೋಡಿದೆ, ಕೂದಲಷ್ಟೂ ತಪ್ಪಿಲ್ಲ. ಅಕ್ಕನನ್ನು ತಬ್ಬಿಕೊಂಡುಬಿಟ್ಟೆ. ನಮ್ಮ ಮನೆಯಲ್ಲಿ ತಬ್ಬಿಕೊಳ್ಳುವ ಅಭ್ಯಾಸವಿಲ್ಲ, ಇಬ್ಬರಿಗೂ ನಾಚಿಕೆಯಾಯಿತು. ಅವಳ ಭುಜದ ಮೂಳೆ ಕೈಗೆ ಸಿಕ್ಕಿತು. ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ.

ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದೆ. ಎತ್ತಿಕೊಂಡ ಹುಡುಗಿಗೂ ಸಂತೋಷ. "ತೂಕ ಏರ್ತಿದೆ ಅಂದ್ರೆ ಒಳ್ಳೇದೇ ಮೇಡಮ್. ಬೇರೆ ತೊಂದ್ರೆ ಇಲ್ಲ ಅಂದ್ರೆ ಮುಂದಿನ ತಿಂಗಳೇ ಬನ್ನಿ, ಈ ತಿಂಗಳು ತುಂಬ ರಶ್ಶಿದೆ" ಎಂದಳು. ಬೇರೆ ತೊಂದರೆ ಇಲ್ಲ ಎಂದೆ. ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದವಳು, "ನಗ್ತಾ ಇದ್ದೀಯಲ್ಲೇ, ಎಷ್ಟು ದಿನ ಆಗಿತ್ತು" ಎಂದು ಒಳಗೆ ಹೋದಳು.

ಚಳಿಗಾಲಕ್ಕೆ ನನಗೊಂದು ಕೋಟು ಹೊಲಿಯುತ್ತಾಳಂತೆ. ಸಂಜೆ ಟೇಪು ಸುತ್ತಿ ಅಳತೆ ತೆಗೆದಳು. ಎರಡನೇ ಸಲ ತೆಗೆದಳು. "ಪುಟಾಣಿ, ನೀನು ಇಳಿದಿದ್ದೀಯ" ಎಂದಳು. ಎಮ್ಮೆಯಷ್ಟು ಗಟ್ಟಿಮುಟ್ಟಾಗಿರುವ ನನ್ನನ್ನು ಪುಟಾಣಿ ಎಂದು ಕರೆದು ನಗುವುದು ಅವಳ ಹಳೆಯ ಚಾಳಿ. ಇವತ್ತು ನಗಲಿಲ್ಲ. ಟೇಪು ಹಿಗ್ಗಿದೆ ಅಷ್ಟೇ. ಹಿಗ್ಗಿದ ಟೇಪು ಅಳತೆ ಕಡಿಮೆ ತೋರಿಸುತ್ತದೆ. ಬಟ್ಟೆಯ ಪಟ್ಟಿಯನ್ನು ನಂಬಿಕೊಂಡು ಜನ ಅದು ಹೇಗೆ ಕಸುಬು ಮಾಡುತ್ತಾರೋ.

ಸೆಪ್ಟೆಂಬರ್ 25, ಬುಧವಾರ

54 ಕೆಜಿ 800.

ಏರುತ್ತಲೇ ಇದೆ. ನಾನೇ ಗೆದ್ದೆ ಅನ್ನಿಸುತ್ತಿದೆ. ಎರಡು ಮೆಟ್ಟಿಲು ಹತ್ತಿದರೆ ಅಕ್ಕನಿಗೆ ಏದುಸಿರು ಬರುತ್ತದೆ. ತೂಕ ಏರಿದವರಿಗೆ ಏದುಸಿರು ಸಹಜ ಎಂದೆ. "ಹ್ಞೂಂ" ಎಂದಳು. ಯಾವಾಗ ನೋಡಿದರೂ ಹೊಲಿಯುವ ಬಟ್ಟೆಯನ್ನು ಮಡಿಲಲ್ಲಿ ರಾಶಿ ಹಾಕಿಕೊಂಡೇ ಕೂತಿರುತ್ತಾಳೆ.

ಸ್ನಾನಕ್ಕೆ ನೀರು ಹಾಕಲು ಹೋದರೆ ಬಾಗಿಲು ಹಾಕಿಕೊಂಡಳು. ನಾನೇನು ಹೊರಗಿನವಳೇ? ಮುಖಕ್ಕೆ ಹೊಡೆದ ಹಾಗಾಯಿತು. ಊಟ ಸೇರಲಿಲ್ಲ.

ಅಕ್ಟೋಬರ್ 3, ಗುರುವಾರ

ಇವತ್ತು ತೂಕ ಹಾಕಿಲ್ಲ. ಆದರೂ ಬರೆಯುತ್ತೇನೆ.

ಅಕ್ಕನಿಗೆ ಇವತ್ತು ಏಳಲಾಗಲಿಲ್ಲ. ಅವಳ ಬಟ್ಟೆ ಅವಳೇ ಒಗೆದುಕೊಳ್ಳುವುದು, ನನಗೆ ಮುಟ್ಟಲೂ ಬಿಡುವುದಿಲ್ಲ. ಇವತ್ತು ನಾನೇ ಒಗೆದು, ಒಣಗಿದ ಮೇಲೆ ಮಡಿಸಲು ಕೂತೆ. ನೀಲಿ ನಿಲುವಂಗಿ. ತೋಳನ್ನು ತೋಳಿನ ಮೇಲೆ ಇಟ್ಟು ಮಡಿಸಿದರೆ ಸರಿಯಾಗಿ ಕೂರಲೇ ಇಲ್ಲ. ಒಳಮಗ್ಗುಲು ಮಾಡಿ ನೋಡಿದೆ. ಎರಡೂ ತೋಳುಗಳನ್ನು ಒಳಗೆ ಹಿಡಿದು ಕಿರಿದು ಮಾಡಿದ್ದಾಳೆ. ಭುಜದಲ್ಲೂ ಹಿಡಿದಿದ್ದಾಳೆ. ಆದರೆ ಹೊಟ್ಟೆಯ ಹತ್ತಿರ ಮಗ್ಗುಲ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ಎಳೆದು, ಅದೂ ಸಾಲದೆ ಬೇರೆ ಬಟ್ಟೆಯ ತುಂಡು ಸೇರಿಸಿ ಹೊಲಿದಿದ್ದಾಳೆ. ಹಸಿರು ನಿಲುವಂಗಿ ತೆಗೆದು ನೋಡಿದೆ. ಅದೂ ಹಾಗೇ. ಬಿಳಿಯದೂ ಹಾಗೇ.

ಎಲ್ಲ ಹೊಲಿಗೆಯೂ ಹೊಸ ದಾರದ್ದು.

ಮೂರನ್ನೂ ಹಿಡಿದುಕೊಂಡು ಅವಳ ಮಂಚದ ಹತ್ತಿರ ಹೋದೆ. ಹೊದಿಕೆ ಸರಿಸಿದೆ. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ ಎಂದುಕೊಂಡಿದ್ದೆ, ನಾನು ನೋಡುತ್ತಿದ್ದುದು ಅಂಕಿಯನ್ನು. ಹೊಟ್ಟೆ ಬಿಗಿದು ಹೊಳೆಯುತ್ತಿತ್ತು. ಅದರ ಮೇಲೆ ಇಟ್ಟುಕೊಂಡಿದ್ದ ಕೈ ಬರೀ ಮೂಳೆ.

"ಯಾವಾಗಿಂದ ಅಕ್ಕ?"

"ನೀನು ನನ್ನ ತಬ್ಕೊಂಡ್ಯಲ್ಲ, ಅದಕ್ಕೂ ಮೊದ್ಲಿಂದ."

"ಹೇಳೋಕೆ ಏನಾಗಿತ್ತು ನಿಂಗೆ!" ಕಿರುಚಿದೆ. ಹಾಸಿಗೆ ಹಿಡಿದವಳ ಮೇಲೆ ಕಿರುಚಿದೆ.

"ದಿನಾ ಬೆಳಿಗ್ಗೆ ಆ ಅಂಕಿ ನೋಡಿ ನಿನ್ನ ಮುಖ ಅರಳೋದು. ಹೇಳೋಕೆ ಮನಸ್ಸೇ ಬರ್ಲಿಲ್ಲ ಕಣೇ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಅಷ್ಟರಲ್ಲಿ ಇನ್ನೊಂದು ಹೊಲಿಗೆ ಬಿಚ್ಚೋ ಹಾಗಾಗ್ತಿತ್ತು."

ಅಕ್ಟೋಬರ್ 4, ಶುಕ್ರವಾರ

ಆಸ್ಪತ್ರೆಯಲ್ಲಿ ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ನೀರು ತೆಗೆದರು. ಗೆರೆ ಹಾಕಿದ ಬಾಟಲಿಗಳು. ಒಂದು ತುಂಬಿದ ಮೇಲೆ ಇನ್ನೊಂದು. ಏಳು ಲೀಟರ್. ಹಳದಿ, ತಿಳಿಯಾಗಿತ್ತು. ನರ್ಸ್ ಹೊರುವಾಗ ಒಂದನ್ನು ನನ್ನ ಕೈಗೆ ಕೊಟ್ಟರು. ಲೀಟರಿಗೆ ಒಂದು ಕೆಜಿಗಿಂತ ಒಂಚೂರು ಹೆಚ್ಚು ಎಂದು ಕೈ ತಾನಾಗಿ ಹೇಳಿತು. ಆ ಕೈಯನ್ನು ಕತ್ತರಿಸಿ ಎಸೆಯಬೇಕು ಅನ್ನಿಸಿತು.

ಆಮೇಲೆ ತೂಕ: 47 ಕೆಜಿ 400. ಕಾಲಿನಲ್ಲಿ ಇನ್ನೂ ನೀರಿದೆಯಂತೆ, ಅದನ್ನೂ ಕಳೆದರೆ ಇನ್ನೂ ಕಡಿಮೆ.

ಮಾಂಸಕ್ಕೂ ನೀರಿಗೂ ಸಾಂದ್ರತೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಒಂದು ಲೀಟರ್ ಜಾಗದ ಮಾಂಸ ಕರಗಿ ಒಂದು ಲೀಟರ್ ನೀರು ಬಂದು ಕೂತರೆ ತಕ್ಕಡಿಗೆ ಎಲ್ಲಿಂದ ಗೊತ್ತಾಗಬೇಕು? ಅದು ಒಟ್ಟು ಹೇಳುತ್ತದೆ. ಎಲ್ಲಿ ಏನಿದೆ ಎಂದು ಹೇಳುವುದಿಲ್ಲ. ತೋಳಿನಲ್ಲಿ ಕಡಿಮೆಯಾಗಿದೆ, ಹೊಟ್ಟೆಯಲ್ಲಿ ಹೆಚ್ಚಾಗಿದೆ ಎಂದು ಹೇಳಿದ್ದು ನಾನು ಬೈಯುತ್ತಿದ್ದ ಆ ಬಟ್ಟೆಯ ಪಟ್ಟಿ, ಅಕ್ಕನ ಟೇಪು. ನನ್ನ ಯಂತ್ರ ಒಂದು ದಿನವೂ ತಪ್ಪು ತೋರಿಸಲಿಲ್ಲ. ತಪ್ಪಿದ್ದು ನಾನು.

ಮಾತ್ರೆ ನಿಲ್ಲಿಸಿದರು. ಹೋದ ತಿಂಗಳು ಕರೆತಂದಿದ್ದರೆ ಎಂದು ಡಾಕ್ಟ್ರಮ್ಮನನ್ನು ಕೇಳಿದೆ. "ನೀರು ಮೊದ್ಲೇ ತೆಗೀಬಹುದಿತ್ತು, ಒಂದಷ್ಟು ದಿನ ಆರಾಮಾಗಿ ಉಸಿರಾಡ್ತಿದ್ರು. ಗಡ್ಡೆ ಮಾತ್ರ ಹೀಗೇ ಇರ್ತಿತ್ತು" ಎಂದರು. ಮೊದಲನೇ ಮಾತನ್ನು ನಂಬಿದೆ. ಎರಡನೆಯದು ನನ್ನ ಸಮಾಧಾನಕ್ಕೆ ಹೇಳಿದ್ದೋ ಏನೋ.

ಅಕ್ಟೋಬರ್ 6

ಏನು ಬರೆಯುವುದು.

ಅಕ್ಟೋಬರ್ 13, ಭಾನುವಾರ

ಅಕ್ಕ ದಿಂಬಿಗೆ ಒರಗಿ ಕೂತು ನನ್ನ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಬೇಡವೆಂದರೆ ಕೇಳುವುದಿಲ್ಲ.

"ಏಳು ಲೀಟರ್ ನೀರು ಹೊತ್ಕೊಂಡು ಮನೆಯೆಲ್ಲ ಓಡಾಡಿದ್ದೀನಿ ಅಂದ್ರೆ ಎಷ್ಟು ಗಟ್ಟಿ ಹೆಂಗಸು ನಾನು ನೋಡು" ಎಂದಳು. ನಾನು ನಗಲಿಲ್ಲ. ಕ್ಷಮಿಸು ಎಂದು ಹೇಳಲು ಹೋದೆ, ಅರ್ಧಕ್ಕೇ ತಡೆದಳು.

"ನೀನು ತಿನ್ಸಿದ್ದಕ್ಕೇ ಇಷ್ಟು ದಿನ ಇದ್ದೀನಿ. ಈಗ ಹೇಳು, ನೀನು ಬೆಳಿಗ್ಗೆ ಏನು ತಿಂದೆ?"

ನೆನಪಾಗಲಿಲ್ಲ. ಏನೋ ಒಂದು ಹೇಳಿದೆ.

"ಸುಳ್ಳಿ" ಎಂದಳು.

ಅಕ್ಟೋಬರ್ 22, ಮಂಗಳವಾರ

ಹೊಟ್ಟೆ ಮತ್ತೆ ತುಂಬುತ್ತಿದೆ.

"ಏನೇ, ಈಗೀಗ ತೂಕಾನೇ ಹಾಕಲ್ಲ?" ಎಂದು ಕೇಳಿದಳು.

"ಯಂತ್ರ ಕೆಟ್ಟಿದೆ."

"ನಿನ್ನ ಯಂತ್ರ ಕೆಡೋದಾ?"

"ಕೆಡತ್ತೆ. ಯಾಕೆ, ಕೆಡಬಾರ್ದಾ?"

ಅದನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಮೇಲೆ ಬಟ್ಟೆ ಹೊದಿಸಿದ್ದೇನೆ. ಕೆಡದಿದ್ದುದನ್ನು ಕೆಟ್ಟಿದೆ ಎಂದು ಹೇಳಿದ್ದು ಕಸುಬಿಗೆ ಬಂದ ಮೇಲೆ ಇದೇ ಮೊದಲು.

ಅವಳ ಕೈಕಾಲಿಗೆ ಎಣ್ಣೆ ಹಚ್ಚುತ್ತೇನೆ. ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಮುಂಗೈ ನನ್ನ ಎರಡು ಬೆರಳಿನ ನಡುವೆ ಬರುತ್ತದೆ, ಆಮೇಲೂ ಜಾಗ ಉಳಿಯುತ್ತದೆ.

ನವೆಂಬರ್ 1, ಶುಕ್ರವಾರ

ಕಿಟಕಿಯ ಹತ್ತಿರ ಬಿಸಿಲಿಗೆ ಕೂರಬೇಕು ಎಂದಳು. ನಡೆಯಲಾಗದು. ಎತ್ತಿಕೊಂಡೆ. ಒಂದು ತೋಳು ಬೆನ್ನಿನ ಕೆಳಗೆ, ಒಂದು ಮೊಣಕಾಲಿನ ಕೆಳಗೆ. ತಲೆಯನ್ನು ನನ್ನ ಕತ್ತಿಗೆ ಆನಿಸಿದಳು.

"ಎಷ್ಟು ಹೇಳು ನೋಡೋಣ. ಕೈಯಲ್ಲೇ ಹೇಳ್ತೀಯಲ್ಲ ನೀನು" ಎಂದಳು.

ಹಾಗೇ ನಿಂತೆ. ಕೈ ಏನೂ ಹೇಳಲಿಲ್ಲ.

"ಗೊತ್ತಾಗ್ತಿಲ್ಲಕ್ಕ."

"ಹತ್ತಿಯೋ ಕಬ್ಬಿಣವೋ ಅದಾದ್ರೂ ಹೇಳು."

ಅವಳಲ್ಲಿ ಉಳಿದಿದ್ದದ್ದು ಹತ್ತಿಯಷ್ಟೇ. ನನ್ನ ಎದೆಯ ಮೇಲೆ ಕೂತಿದ್ದು ಕಬ್ಬಿಣ. ಚಿಕ್ಕವಳಿದ್ದಾಗ ಅವಳು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಇಷ್ಟು ವರ್ಷಕ್ಕೆ ಗೆದ್ದೆನಲ್ಲ ಎಂದು ನಕ್ಕಳು. ಬಿಸಿಲು ಸರಿಯುವವರೆಗೂ ಇಳಿಸಲಿಲ್ಲ, ನಾನೇ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಇಟ್ಟುಕೊಂಡೆ.

ನವೆಂಬರ್ 10, ಭಾನುವಾರ

ಬೆಳಿಗ್ಗೆ ಅಕ್ಕ ಹೋದಳು. ನನ್ನ ಕೈ ಹಿಡಿದುಕೊಂಡಿದ್ದಳು.

ನವೆಂಬರ್ 24, ಭಾನುವಾರ

ನಿನ್ನೆ ಅಂಗಡಿ ತೆರೆದೆ. ಬೆಟ್ಟದವನು ಬಂದಿದ್ದ. ತಾನೇ ಕಲ್ಲಿಟ್ಟು ಸರಿಮಾಡಿಕೊಂಡನಂತೆ, ಈಗ ತೂಕ ಸರಿ ಬರುತ್ತಿದೆಯಂತೆ, ಹೇಳಿಹೋಗೋಣ ಎಂದು ಬಂದನಂತೆ. ನನ್ನನ್ನು ನೋಡಿ, "ಏನ್ರಮ್ಮ ಇದು, ಅರ್ಧ ಆಗ್ಬಿಟ್ಟಿದ್ದೀರಲ್ಲ!" ಎಂದ. ಜನಕ್ಕೆ ಬೇರೆ ಮಾತೇ ಇಲ್ಲ. ಪಕ್ಕದ ಮನೆಯವರೂ ಇದನ್ನೇ ಹೇಳಿದರು.

"ಅಲ್ಲಮ್ಮ, ಬೆಟ್ಟದ ಮೇಲೆ ತೂಕ ಕಮ್ಮಿ ಅಂದ್ರೆ ಕಲ್ಲೂ ಕಮ್ಮಿ ಆದ ಹಾಗಲ್ವಾ?" ಎಂದು ಕೇಳಿದ. ಇಲ್ಲಪ್ಪ, ಎಲ್ಲಿದ್ದರೂ ಅದರಲ್ಲಿ ಇರುವುದು ಅಷ್ಟೇ ಇರುತ್ತದೆ, ಎಳೆಯುವುದು ಮಾತ್ರ ಎಂದು ಶುರುಮಾಡಿದೆ. ಅರ್ಧಕ್ಕೇ ನಿಲ್ಲಿಸಿದೆ. ಒಳಗೆ ಹೋಗಿ ಕಲ್ಲುಗಳನ್ನು ಒರೆಸುತ್ತ ನಿಂತೆ. ಅವನು ಕಾದು ಕಾದು ಹೊರಟುಹೋದ.

ಅವಳು ಎಲ್ಲಿದ್ದರೂ ಅಷ್ಟೇ ಇದ್ದಾಳೆ ಎಂದು ನನಗೆ ನಂಬಿಕೆ ಬರುವುದಿಲ್ಲ. ಎಳೆಯುವುದು ಮಾತ್ರ ಒಂಚೂರೂ ಕಡಿಮೆಯಾಗಿಲ್ಲ.

ಡಿಸೆಂಬರ್ 2, ಸೋಮವಾರ

ಚಳಿ ಹಿಡಿದಿದೆ. ಕೋಟನ್ನು ಇಷ್ಟು ದಿನ ಮುಟ್ಟಿರಲಿಲ್ಲ. ಇವತ್ತು ಬೇರೆ ದಾರಿಯಿಲ್ಲದೆ ತೆಗೆದು ಹಾಕಿಕೊಂಡೆ.

ಸರಿಯಾಗಿ ಕೂತಿತು. ನನ್ನ ಹಳೆಯ ಬಟ್ಟೆಗಳೆಲ್ಲ ಮೈಮೇಲೆ ಜೋತುಬಿದ್ದಿರುವಾಗ ಇದೊಂದು ಮೈಗೆ ಅಂಟಿದ ಹಾಗೆ. ಅವತ್ತಿನ ಅಳತೆಗಿಂತಲೂ ಚಿಕ್ಕದು. ಆಮೇಲೆ ಅವಳು ಟೇಪು ಹಿಡಿದೇ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿ ನಾನು ಓಡಾಡುವುದನ್ನು ನೋಡಿ ನೋಡಿಯೇ ಹೊಲಿಗೆಯನ್ನು ಒಳಕ್ಕೆ ಹಿಡಿಯುತ್ತ ಬಂದಿರಬೇಕು. ಹಾಗಾದರೆ ಟೇಪು ಹಿಗ್ಗಿರಲಿಲ್ಲ.

ಆದರೆ ಪಕ್ಕೆಯಲ್ಲಿ ಏನೋ ದಪ್ಪಗೆ ಒತ್ತುತ್ತಿತ್ತು. ಕಳಚಿ ಒಳಮಗ್ಗುಲು ಮಾಡಿದೆ. ಎರಡು ಬೆರಳಲ್ಲ, ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಿಚಿ ಬಿಟ್ಟಿದ್ದಾಳೆ. ಮಗ್ಗುಲ ಹೊಲಿಗೆಯನ್ನು ಯಂತ್ರದಲ್ಲಿ ಹಾಕಿಲ್ಲ. ಬಿಳಿ ದಾರದ ಕಚ್ಚಾ ಹೊಲಿಗೆ, ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಅದರಾಚೆ, ಬಟ್ಟೆಯ ಅಂಚಿನ ಹತ್ತಿರ, ಇನ್ನೊಂದು ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆದಿದ್ದಾಳೆ. ಅದು ನನ್ನ ಹಳೆಯ ಅಳತೆ. ಅಲ್ಲಲ್ಲಿ ಗೆರೆ ನಡುಗಿದೆ, ಅಳಿಸಿ ಮತ್ತೆ ಎಳೆದಿದ್ದಾಳೆ.

ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆ. ಅಕ್ಕ ಹೋದ ದಿನ ಬಾರದಿದ್ದ ಅಳು ಇವತ್ತು ಬಂತು.

ಆಮೇಲೆ ಒಲೆ ಹಚ್ಚಿದೆ. ಅಭ್ಯಾಸಬಲದಿಂದ ಎರಡು ಮೊಟ್ಟೆ ಹಾಕಿದ್ದೆ, ತಟ್ಟೆಗೆ ಹಾಕುವಾಗ ಗೊತ್ತಾಯಿತು. ಕೋಟು ತೊಟ್ಟುಕೊಂಡೇ ಕೂತು ಎರಡನ್ನೂ ತಿಂದೆ.